ಟೆನ್ಷನ್ ಹಾರ್ಮೋನುಗಳು ಇನ್ಸುಲಿನ್ನನ್ನು ತಡೆಯುವುದು ಹೇಗೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಾನಸಿಕ ಒತ್ತಡಕ್ಕೂ ಸಕ್ಕರೆ ಕಾಯಿಲೆಗೂ ಇರುವ ನಂಟಿನ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಕೆಳಗೆ ಹೇಳಿರುವ ರಕ್ತದ ಸಕ್ಕರೆಯ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿರುವ ಮಿಲಿಗ್ರಾಂ ಲೆಕ್ಕದಲ್ಲಿವೆ.

ಪ್ರಶ್ನೆ: ನನಗೆ ಟೈಪ್ 2 ಸಕ್ಕರೆ ಕಾಯಿಲೆ. ಮಾತ್ರೆಯಲ್ಲೇ ಹತೋಟಿಯಲ್ಲಿದೆ, ಇನ್ಸುಲಿನ್ ಇಲ್ಲ. ಕೆಲಸದ ಸಂದರ್ಶನವಿದ್ದ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 118 ಇತ್ತು. ಆಮೇಲೆ ಏನನ್ನೂ ತಿನ್ನಲಿಲ್ಲ. ಸಂದರ್ಶನ ಮುಗಿದ ಕೂಡಲೇ ನೋಡಿದರೆ 190! ಮೀಟರ್ ಕೆಟ್ಟಿದೆಯೇ? ತಿನ್ನದ ಸಕ್ಕರೆ ಎಲ್ಲಿಂದ ಬಂತು?

ಉತ್ತರ: ಮನೆಯ ಗ್ಲುಕೋಮೀಟರಿನಲ್ಲಿ ಶೇ 15ರಷ್ಟು ಆಚೀಚೆ ಆಗುವುದು ಸಹಜ. 118 ಎಂದರೆ ನಿಜದಲ್ಲಿ ಸುಮಾರು 100ರಿಂದ 136, 190 ಎಂದರೆ 162ರಿಂದ 218 ಇರಬಹುದು. ಎರಡಕ್ಕೂ ನಡುವೆ ಅಂತರ ಉಳಿದೇ ಉಳಿಯುತ್ತದೆ. ಹಾಗಾಗಿ, ಬೆರಳಿಗೆ ಸಿಹಿ ಅಂಟಿರಲಿಲ್ಲ, ಕೈ ತೊಳೆದು ಒರೆಸಿಕೊಂಡೇ ಪರೀಕ್ಷಿಸಿದಿರಿ ಎಂದಾದರೆ ಏರಿಕೆ ನಿಜವೇ.

ಸಕ್ಕರೆ ಬಂದದ್ದು ನಿಮ್ಮ ಯಕೃತ್ತಿನಿಂದ. ಅಲ್ಲಿ ಗ್ಲೈಕೋಜನ್ ರೂಪದಲ್ಲಿ ಸುಮಾರು 100 ಗ್ರಾಂ ಗ್ಲುಕೋಸ್ ಸದಾ ದಾಸ್ತಾನಿರುತ್ತದೆ. 60 ಕಿಲೋ ತೂಕದವರ ದೇಹದಲ್ಲಿ ಗ್ಲುಕೋಸ್ ಹರಡಿಕೊಳ್ಳುವ ದ್ರವ ಸುಮಾರು 12 ಲೀಟರ್. ಅದರಲ್ಲಿ 72 ಅಂಶ ಏರಬೇಕಾದರೆ ಹೆಚ್ಚುವರಿಯಾಗಿ ಸೇರಬೇಕಾದದ್ದು 9 ಗ್ರಾಂಗೂ ಕಡಿಮೆ. ಯಕೃತ್ತಿಗೆ ಅದು ದೊಡ್ಡ ಕೆಲಸವೇ ಅಲ್ಲ.

ಆತಂಕ ಹುಟ್ಟಿದ ಕೂಡಲೇ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ, ಅಪಾಯಕ್ಕೆ ದೇಹವನ್ನು ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳ ತುದಿಗಳು ನಾರ್‌ಅಡ್ರಿನಲಿನ್ ಬಿಡುತ್ತವೆ. ಯಕೃತ್ತಿಗೆ ಇದು ದಾಸ್ತಾನು ಬಿಚ್ಚು ಎಂಬ ಆದೇಶ. ಅದೇ ಹೊತ್ತಿಗೆ ಮೇದೋಜೀರಕ ಗ್ರಂಥಿಯಲ್ಲಿ ಎರಡು ಬದಲಾವಣೆ ಆಗುತ್ತವೆ: ಆಲ್ಫಾ ಕೋಶಗಳಿಂದ ಗ್ಲುಕಗಾನ್ ಹೆಚ್ಚು ಬರುತ್ತದೆ, ಬೀಟಾ ಕೋಶಗಳಿಂದ ಇನ್ಸುಲಿನ್ ಬರುವುದು ತಗ್ಗುತ್ತದೆ. ಗ್ಲುಕಗಾನ್ ಕೂಡ ಯಕೃತ್ತಿನಿಂದ ಸಕ್ಕರೆ ಹೊರಡಿಸುವ ಹಾರ್ಮೋನೇ. ಹೀಗೆ ಸಕ್ಕರೆ ಒಳಬರುವ ದಾರಿ ಅಗಲವಾಗುತ್ತದೆ, ಅದನ್ನು ಇಳಿಸಬೇಕಾದ ಹಾರ್ಮೋನು ಹಿಂದೆ ಸರಿಯುತ್ತದೆ. ಅಪಾಯ ಎದುರಾದಾಗ ಮೆದುಳಿಗೆ ಗ್ಲುಕೋಸ್ ಕೊರತೆ ಆಗಬಾರದು ಎಂಬುದು ದೇಹದ ಲೆಕ್ಕಾಚಾರ. ಮೆದುಳು ಗ್ಲುಕೋಸ್ ಪಡೆಯಲು ಇನ್ಸುಲಿನ್ನಿಗಾಗಿ ಕಾಯುವುದಿಲ್ಲ, ಸ್ನಾಯು ಮತ್ತು ಕೊಬ್ಬು ಕಾಯುತ್ತವೆ.

ಕಾಯಿಲೆ ಇಲ್ಲದವರಲ್ಲೂ ಇದೆಲ್ಲ ನಡೆಯುತ್ತದೆ. ಆದರೆ ಅವರಿಗೆ ಸ್ವಲ್ಪ ಇನ್ಸುಲಿನ್ನೇ ಸಾಕಾಗುತ್ತದೆ, ಅಡ್ರಿನಲಿನ್ ಇಳಿದ ಕ್ಷಣವೇ ಬೀಟಾ ಕೋಶ ಚುರುಕಾಗುತ್ತದೆ. ಟೈಪ್ 2ರಲ್ಲಿ ಗ್ಲುಕೋಸ್ ಏರಿದ ಮೊದಲ 10 ನಿಮಿಷದಲ್ಲಿ ಒಮ್ಮೆಲೇ ಬರಬೇಕಾದ ಇನ್ಸುಲಿನ್ ಅಲೆ ಮೊದಲೇ ಕುಗ್ಗಿರುತ್ತದೆ. ಅದರ ಮೇಲೆ ಈ ತಡೆ ಬಿದ್ದರೆ ಅಂಕಿ ಎದ್ದು ಕಾಣುತ್ತದೆ.

ಇಂಥ ಹೊತ್ತಿನಲ್ಲಿ ಜನ ಮಾಡುವ ದೊಡ್ಡ ತಪ್ಪು ಇನ್ನೊಂದು ಮಾತ್ರೆ ನುಂಗುವುದು. ಅದರಲ್ಲೂ ಬೀಟಾ ಕೋಶದಿಂದ ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಪೂರ್ಣ ಪ್ರಭಾವಕ್ಕೆ ಬರಲು ಎರಡು ಮೂರು ಗಂಟೆ ಬೇಕು. ರಕ್ತದಲ್ಲಿ ಅಡ್ರಿನಲಿನ್ನಿನ ಅರ್ಧಾಯು, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಎರಡು ಮೂರು ನಿಮಿಷ ಮಾತ್ರ. ಮಾತ್ರೆಗೆ ಬಲ ಬರುವ ಹೊತ್ತಿಗೆ ಏರಿಕೆಗೆ ಕಾರಣವೇ ಉಳಿದಿರುವುದಿಲ್ಲ, ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದು. ನೀರು ಕುಡಿಯಿರಿ, 15–20 ನಿಮಿಷ ಸಾವಧಾನವಾಗಿ ನಡೆಯಿರಿ, ಒಂದೂವರೆ ಎರಡು ಗಂಟೆ ಬಿಟ್ಟು ಮತ್ತೆ ನೋಡಿ. ಇಳಿದಿದ್ದರೆ ಆ ಅಂಕಿಯ ಪಕ್ಕದಲ್ಲಿ ‘ಸಂದರ್ಶನ’ ಎಂದು ಬರೆದಿಟ್ಟರೆ ಸಾಕು. ಏನೂ ಒತ್ತಡವಿಲ್ಲದ ದಿನಗಳಲ್ಲೂ 190 ಬರುತ್ತಿದ್ದರೆ ಅದು ಬೇರೆಯೇ ಸಂಗತಿ, ನಿಮ್ಮ ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ: ನಾನು ಜೀವವಿಜ್ಞಾನದ ವಿದ್ಯಾರ್ಥಿನಿ. ಅಡ್ರಿನಲಿನ್ ಇನ್ಸುಲಿನ್ನನ್ನು ತಡೆಯುತ್ತದೆ ಎಂದು ಒಂದು ಪುಸ್ತಕ, ಹೆಚ್ಚಿಸುತ್ತದೆ ಎಂದು ಇನ್ನೊಂದು ಪುಸ್ತಕ ಹೇಳುತ್ತದೆ. ಯಾವುದು ಸರಿ?

ಉತ್ತರ: ಎರಡಕ್ಕೂ ಆಧಾರವಿದೆ, ಆದರೆ ಇಡೀ ದೇಹದಲ್ಲಿ ಗೆಲ್ಲುವುದು ತಡೆಯೇ. ಮೊದಲು ಇನ್ಸುಲಿನ್ ಹೊರಬರುವ ಕ್ರಮವನ್ನು ನೆನಪಿಸಿಕೊಳ್ಳಿ. ಗ್ಲುಕೋಸ್ ಬೀಟಾ ಕೋಶವನ್ನು ಹೊಕ್ಕ ಮೇಲೆ ಗ್ಲುಕೋಕೈನೇಸ್ ಕಿಣ್ವ ಅದನ್ನು ಹಿಡಿಯುತ್ತದೆ. ಅದು ಉರಿದು ಕೋಶದ ಇಂಧನವಾದ ಎಟಿಪಿ ಏರುತ್ತದೆ. ಎಟಿಪಿ ಏರಿದಾಗ ಕೋಶದ ಪೊರೆಯಲ್ಲಿರುವ ವಿಶೇಷ ಪೊಟ್ಯಾಸಿಯಂ ಚಾನಲ್‌ಗಳು ಮುಚ್ಚುತ್ತವೆ, ಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಕ್ಯಾಲ್ಸಿಯಂ ಚಾನಲ್ ತೆರೆಯುತ್ತದೆ. ಒಳನುಗ್ಗಿದ ಕ್ಯಾಲ್ಸಿಯಂ ಇನ್ಸುಲಿನ್ ತುಂಬಿದ ಕಣಗಳನ್ನು ಪೊರೆಗೆ ಬೆಸೆಯುತ್ತದೆ, ಕಣಗಳು ಒಡೆದು ಇನ್ಸುಲಿನ್ ಆಚೆ ಬೀಳುತ್ತದೆ. ಕೋಶದೊಳಗೆ ಸಂದೇಶ ಸಾಗಿಸುವ ಸೈಕ್ಲಿಕ್ ಎಎಂಪಿ ಎಂಬ ಅಣು ಈ ಕೊನೆಯ ಹಂತಕ್ಕೆ ಒತ್ತಾಸೆ ಕೊಡುತ್ತದೆ.

ಬೀಟಾ ಕೋಶದ ಮೇಲೆ ಅಡ್ರಿನಲಿನ್ನಿಗೆ ಎರಡು ಬಗೆಯ ಗ್ರಾಹಕಗಳಿವೆ (ರಿಸೆಪ್ಟರ್, ಹಾರ್ಮೋನಿನ ಸಂದೇಶ ಹಿಡಿಯುವ ಅಣುಗಳು). ಬೀಟಾ-2 ಗ್ರಾಹಕ ಆಕ್ಸಿಲರೇಟರ್ ಇದ್ದಂತೆ, ಸೈಕ್ಲಿಕ್ ಎಎಂಪಿಯನ್ನು ಹೆಚ್ಚಿಸುತ್ತದೆ. ಆಲ್ಫಾ-2ಎ ಗ್ರಾಹಕ ಬ್ರೇಕು. ಅದು ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವವನ್ನು ಅಡಗಿಸುತ್ತದೆ, ಪೊರೆಯನ್ನು ಮತ್ತೆ ವಿಶ್ರಾಂತ ಸ್ಥಿತಿಯತ್ತ ತಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಣ ಪೊರೆಗೆ ಬೆಸೆಯುವ ಹಂತವನ್ನೇ ನೇರವಾಗಿ ತಡೆಯುತ್ತದೆ. ಈ ಕೊನೆಯ ಕಾರಣದಿಂದಲೇ ಗ್ಲುಕೋಸ್ ಸಾಕಷ್ಟಿದ್ದು, ಕ್ಯಾಲ್ಸಿಯಂ ಕೂಡ ಏರಿದ್ದರೂ ಇನ್ಸುಲಿನ್ ಹೊರಬೀಳುವುದಿಲ್ಲ. ಇನ್ಸುಲಿನ್ ತಯಾರಾಗಿಯೇ ಇರುತ್ತದೆ, ಬಾಗಿಲಲ್ಲಿ ನಿಂತಿರುತ್ತದೆ. ಆದ್ದರಿಂದಲೇ ಅಡ್ರಿನಲಿನ್ ಇಳಿದ ಕೂಡಲೇ ಅದು ಬಿಡುಗಡೆಯಾಗಲು ತಡವಾಗದು.

ಮನುಷ್ಯರಲ್ಲಿ ಇದನ್ನು ತೋರಿಸಿಕೊಟ್ಟವರು ಅಮೆರಿಕದ ಡೇನಿಯಲ್ ಪೋರ್ಟ್. 1967ರಲ್ಲಿ ಪ್ರಕಟವಾದ ಅವರ ಕೆಲಸ ಇನ್ಸುಲಿನ್ ತಡೆಗೆ ಆಲ್ಫಾ ಗ್ರಾಹಕಗಳೇ ಕಾರಣ ಎಂಬುದನ್ನು ಸ್ಪಷ್ಟಪಡಿಸಿತು. ಆಲ್ಫಾ ಗ್ರಾಹಕಗಳನ್ನು ಫೆಂಟೊಲಮೈನ್ ಔಷಧದಿಂದ ಮುಚ್ಚಿದರೆ ಅಡ್ರಿನಲಿನ್ ಹರಿಯುತ್ತಿದ್ದರೂ ಇನ್ಸುಲಿನ್ ಏರುತ್ತದೆ, ಅಂದರೆ ಅಡಗಿದ್ದ ಬೀಟಾ-2 ಪರಿಣಾಮ ಆಗ ಹೊರಗೆ ಕಾಣುತ್ತದೆ. ನಿಮ್ಮ ಎರಡು ಪುಸ್ತಕಗಳ ಜಗಳ ಇಲ್ಲಿಗೆ ಬಗೆಹರಿಯುತ್ತದೆ.

ಈ ಬ್ರೇಕ್ ಎಲ್ಲರಲ್ಲೂ ಒಂದೇ ಬಿಗಿಯಲ್ಲಿಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ಪ್ರಕಟಿಸಿದಂತೆ, ಆಲ್ಫಾ-2ಎ ಗ್ರಾಹಕದ ಜೀನಿನಲ್ಲಿ ಒಂದು ನಿರ್ದಿಷ್ಟ ವ್ಯತ್ಯಾಸ ಇರುವವರ ಬೀಟಾ ಕೋಶಗಳಲ್ಲಿ ಈ ಗ್ರಾಹಕಗಳು ಹೆಚ್ಚಾಗಿರುತ್ತವೆ, ಅವರಲ್ಲಿ ಇನ್ಸುಲಿನ್ ಬಿಡುಗಡೆ ಕಡಿಮೆ, ಟೈಪ್ 2ರ ಅಪಾಯ ಹೆಚ್ಚು. ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟುವ ಫಿಯೋಕ್ರೋಮೋಸೈಟೋಮ ಎಂಬ ಅಪರೂಪದ ಗಡ್ಡೆಯಲ್ಲಿ ಇದೇ ಸಂಗತಿ ಅತಿರೇಕಕ್ಕೆ ಹೋಗುತ್ತದೆ. ಅಡ್ರಿನಲಿನ್, ನಾರ್‌ಅಡ್ರಿನಲಿನ್ ಮಿತಿಮೀರಿ ರೋಗಿಗೆ ಸಕ್ಕರೆ ಕಾಯಿಲೆಯೇ ಬಂದಿರಬಹುದು. ಗಡ್ಡೆ ತೆಗೆದ ಮೇಲೆ ತಡೆ ಹಠಾತ್ತನೆ ಬಿಟ್ಟು ಇನ್ಸುಲಿನ್ ಒಮ್ಮೆಲೇ ಹರಿಯುವುದರಿಂದ, ಶಸ್ತ್ರಚಿಕಿತ್ಸೆಯ ನಂತರದ ಒಂದೆರಡು ದಿನ ಸಕ್ಕರೆ ತೀರಾ ಇಳಿಯದಂತೆ ಕಾವಲು ಕಾಯಬೇಕಾಗುತ್ತದೆ.

ಇತಿಹಾಸದಲ್ಲಿ ಆಸಕ್ತಿ ಇದ್ದರೆ: ಮೆದುಳಿಗೂ ಸಕ್ಕರೆಗೂ ಸಂಬಂಧವಿದೆ ಎಂಬುದಕ್ಕೆ ಪ್ರಯೋಗದ ಸಾಕ್ಷಿ ಸಿಕ್ಕಿದ್ದು ಇನ್ಸುಲಿನ್ ಎಂಬ ವಸ್ತು ಗೊತ್ತಾಗುವ ಬಹಳ ಮೊದಲೇ. 1849ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮೊಲದ ಮೆದುಳಿನ ಬುಡದಲ್ಲಿ ಒಂದು ಜಾಗಕ್ಕೆ ಚುಚ್ಚಿದಾಗ ಮೂತ್ರದಲ್ಲಿ ಸಕ್ಕರೆ ಬಂತು. 1911ರಲ್ಲಿ ವಾಲ್ಟರ್ ಕ್ಯಾನನ್ ಮತ್ತು ಸಂಗಡಿಗರು ಹೆದರಿದ ಬೆಕ್ಕುಗಳ ಮೂತ್ರದಲ್ಲೂ ಸಕ್ಕರೆ ಕಂಡರು.

ಪ್ರಶ್ನೆ: ನಮ್ಮ ತಂದೆಯವರಿಗೆ ಕೀಲುನೋವಿನ ಕಾಯಿಲೆಗೆ ಬೆಳಿಗ್ಗೆ 20 ಮಿ.ಗ್ರಾಂ ಪ್ರೆಡ್ನಿಸೊಲೋನ್ ಕೊಡುತ್ತಿದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ 105. ಸಂಜೆ ಒಮ್ಮೆ ಸುಮ್ಮನೆ ನೋಡಿದರೆ 280. ಇದೂ ಟೆನ್ಷನ್ ಹಾರ್ಮೋನಿನ ಪರಿಣಾಮವೇ?

ಉತ್ತರ: ಹೌದು, ಆದರೆ ಇಲ್ಲಿ ಬೇರೆ ಹಾರ್ಮೋನು, ಬೇರೆ ವೇಗ. ಪ್ರೆಡ್ನಿಸೊಲೋನ್ ಒಂದು ಸ್ಟೀರಾಯ್ಡ್, ನಮ್ಮದೇ ಅಡ್ರಿನಲ್ ಗ್ರಂಥಿ ಸುರಿಸುವ ಟೆನ್ಷನ್ ಹಾರ್ಮೋನು ಕಾರ್ಟಿಸಾಲ್‌ನ ಹತ್ತಿರದ ನೆಂಟ. ಅಡ್ರಿನಲಿನ್ ಕೋಶದ ಹೊರಪೊರೆಯಲ್ಲೇ ನಿಂತು ಸೆಕೆಂಡುಗಳಲ್ಲಿ ಕೆಲಸ ಮುಗಿಸಿದರೆ, ಕಾರ್ಟಿಸಾಲ್ ಕೋಶದೊಳಗೆ ಹೋಗಿ ಜೀನುಗಳನ್ನು ಆನ್, ಆಫ್ ಮಾಡುತ್ತದೆ. ಅದರ ಮುಖ್ಯ ಪರಿಣಾಮ ಕಾಣಲು ಗಂಟೆಗಳು ಬೇಕು, ಇಳಿಯಲೂ ಗಂಟೆಗಳು ಬೇಕು.

ಅದರ ಕೆಲಸದ ಜಾಗವೂ ಹೆಚ್ಚಾಗಿ ಮೇದೋಜೀರಕದ ಆಚೆಗೇ. ಯಕೃತ್ತು ಅಮೈನೋ ಆಮ್ಲಗಳಿಂದ ಹೊಸ ಗ್ಲುಕೋಸ್ ತಯಾರಿಸುವಂತೆ ಮಾಡುತ್ತದೆ. ಸ್ನಾಯು ಇನ್ಸುಲಿನ್ನಿನ ಮಾತನ್ನು ಅರ್ಧ ಕೇಳುತ್ತದೆ, ಅರ್ಧ ಬಿಡುತ್ತದೆ. ಕೊಬ್ಬು ಕರಗಿ ಕೊಬ್ಬಿನಾಮ್ಲಗಳು ರಕ್ತಕ್ಕೆ ಬಂದು ಈ ಪ್ರತಿರೋಧವನ್ನು ಇನ್ನೂ ಹೆಚ್ಚಿಸುತ್ತವೆ. ಗಟ್ಟಿ ಬೀಟಾ ಕೋಶಗಳಿರುವವರು ಇದಕ್ಕೆ ಪ್ರತಿಯಾಗಿ ಹೆಚ್ಚು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಹಿಡಿತದಲ್ಲಿಡುತ್ತಾರೆ. ಹೀಗಾಗಿ ಸ್ಟೀರಾಯ್ಡ್ ತೆಗೆದುಕೊಳ್ಳುವವರ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುವುದೇ ಸಾಮಾನ್ಯ. ಮನೆತನದಲ್ಲಿ ಸಕ್ಕರೆ ಕಾಯಿಲೆ, ವಯಸ್ಸು, ಬೊಜ್ಜು ಇದ್ದವರಲ್ಲಿ ಮಾತ್ರ ಬೀಟಾ ಕೋಶ ಅಷ್ಟು ಎತ್ತರಕ್ಕೆ ಏರಲಾರದು. ಸ್ಟೀರಾಯ್ಡ್ ಸ್ವತಃ ಬೀಟಾ ಕೋಶವನ್ನೂ ಸ್ವಲ್ಪ ಮಂಕಾಗಿಸುತ್ತದೆ. ಬೇಡಿಕೆ ಏರಿ, ಪೂರೈಕೆ ಸೋತಾಗ ಬರುವ ಅಂಕಿಯೇ ನೀವು ನೋಡಿದ 280.

ಬೆಳಿಗ್ಗೆ ಒಂದೇ ಸಲ ನುಂಗಿದ ಪ್ರೆಡ್ನಿಸೊಲೋನ್‌ನ ಪ್ರಭಾವ ಸುಮಾರು 4ರಿಂದ 8 ಗಂಟೆಯ ನಡುವೆ ತುದಿ ಮುಟ್ಟುತ್ತದೆ, 12–16 ಗಂಟೆಯಲ್ಲಿ ಇಳಿಯುತ್ತದೆ. ರಾತ್ರಿ ಊಟವಿಲ್ಲ, ಔಷಧದ ಪ್ರಭಾವವೂ ಇಲ್ಲ, ಹಾಗಾಗಿ ಬೆಳಗಿನ ಅಂಕಿ ಚೆನ್ನಾಗಿರುತ್ತದೆ. ಖಾಲಿ ಹೊಟ್ಟೆಯ ಪರೀಕ್ಷೆಯನ್ನಷ್ಟೇ ಮಾಡಿಸಿ ‘ಶುಗರ್ ನಾರ್ಮಲ್’ ಎಂದು ಸುಮ್ಮನಾಗುವ ಎಷ್ಟೋ ಮನೆಗಳಿವೆ. ನೀವು ಸಂಜೆ ನೋಡಿದ್ದು ಒಳ್ಳೆಯದಾಯಿತು. ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ಒಮ್ಮೆ, ರಾತ್ರಿ ಊಟಕ್ಕೆ ಮೊದಲು ಒಮ್ಮೆ, ಹೀಗೆ ಮೂರು ದಿನ ನೋಡಿ, ಬರೆದುಕೊಂಡು ವೈದ್ಯರ ಬಳಿ ಹೋಗಿ. ಇಷ್ಟು ಅಂಕಿ ಅವರ ಕೈಯಲ್ಲಿದ್ದರೆ ಬೆಳಿಗ್ಗೆಯೇ ಕೊಡುವ ಮಧ್ಯಮ ಅವಧಿಯ ಇನ್ಸುಲಿನ್ ಬೇಕೇ ಅಥವಾ ಮಾತ್ರೆ ಸಾಕೇ ಎಂದು ನಿರ್ಧರಿಸುವುದು ಸುಲಭ. ರಾತ್ರಿ ಕೊಡುವ ದೀರ್ಘಾವಧಿಯ ಇನ್ಸುಲಿನ್ನನ್ನೇ ಏರಿಸುತ್ತ ಹೋದರೆ ಸಂಜೆಯ 280 ಇಳಿಯುವ ಮುಂಚೆ ಬೆಳಗಿನ ಜಾವ 60ಕ್ಕೆ ಬೀಳುವ ಅಪಾಯವಿದೆ.

ಎರಡು ಎಚ್ಚರಿಕೆ. ಹಲವು ವಾರ ತೆಗೆದುಕೊಂಡ ಸ್ಟೀರಾಯ್ಡನ್ನು ಸಕ್ಕರೆಯ ಭಯದಿಂದ ತಟ್ಟನೆ ನಿಲ್ಲಿಸಬೇಡಿ. ಅವರ ಅಡ್ರಿನಲ್ ಗ್ರಂಥಿ ಮಲಗಿಬಿಟ್ಟಿರುತ್ತದೆ, ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ಇನ್ನು, ವೈದ್ಯರು ಸ್ಟೀರಾಯ್ಡ್ ಇಳಿಸುವ ಪ್ರತಿ ಹಂತದಲ್ಲೂ ಇನ್ಸುಲಿನ್ ಅಥವಾ ಮಾತ್ರೆಯನ್ನು ಎಷ್ಟು ಇಳಿಸಬೇಕೆಂದು ಕೇಳಿ ಬರೆಸಿಕೊಳ್ಳಿ. ಸ್ಟೀರಾಯ್ಡ್ ಇಳಿದು ಇನ್ಸುಲಿನ್ ಹಾಗೇ ಉಳಿದರೆ ಸಕ್ಕರೆ ತೀರಾ ಕೆಳಗಿಳಿಯುವ ಅಪಾಯವಿದೆ.

ಪ್ರಶ್ನೆ: ಮಗಳಿಗೆ 15 ವರ್ಷ, ಟೈಪ್ 1. ಶಾಲೆಯ ಪರೀಕ್ಷೆಯ ದಿನ 260 ದಾಟುತ್ತದೆ, ಓಟದ ಸ್ಪರ್ಧೆ ಇದ್ದ ದಿನವೂ ಅಷ್ಟೇ. ಇನ್ಸುಲಿನ್ ಕೊಟ್ಟರೆ ಮೂರು ಗಂಟೆಯಲ್ಲಿ 60ಕ್ಕೆ ಬರುತ್ತಾಳೆ. ಏನು ಮಾಡಬೇಕು?

ಉತ್ತರ: ಟೈಪ್ 1ರಲ್ಲಿ ತಡೆಯಲು ಸ್ವಂತ ಇನ್ಸುಲಿನ್ನೇ ಬಹುಪಾಲು ಉಳಿದಿರುವುದಿಲ್ಲ. ಹಾಗಾಗಿ ಏರಿಕೆಗೆ ಕಾರಣ ಯಕೃತ್ತಿನಿಂದ ಹೊರಬೀಳುವ ಸಕ್ಕರೆ ಮತ್ತು ಅದನ್ನು ಎದುರಿಸಲು ತಾನಾಗಿ ಹೆಚ್ಚಾಗದ ಚುಚ್ಚುಮದ್ದಿನ ಇನ್ಸುಲಿನ್. ಜೋರಾಗಿ ಓಡಿದಾಗ ರಕ್ತದ ಅಡ್ರಿನಲಿನ್ ಹಲವು ಪಟ್ಟು ಏರುತ್ತದೆ. ಇತರ ಮಕ್ಕಳಲ್ಲಿ ಓಟ ನಿಂತ ಕೂಡಲೇ ಮೇದೋಜೀರಕದ ಮೇಲಿನ ತಡೆ ತೆರವಾಗಿ ಇನ್ಸುಲಿನ್ ಚಿಮ್ಮುತ್ತದೆ, ಸಕ್ಕರೆ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಹಳೆಯ ಜಾಗಕ್ಕೆ ಬರುತ್ತದೆ. ನಿಮ್ಮ ಮಗಳಲ್ಲಿ ಆ ಚಿಮ್ಮುವಿಕೆ ಇಲ್ಲ.

ಓಟ ಮುಗಿದ ಮೇಲೆ ತಟ್ಟನೆ ಕೂರದೆ ಹತ್ತು ನಿಮಿಷ ನಿಧಾನವಾಗಿ ನಡೆಯಲಿ. ಸ್ನಾಯು ತಾನೇ ಒಂದಿಷ್ಟು ಗ್ಲುಕೋಸ್ ಎಳೆದುಕೊಳ್ಳುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಕಾದು ನೋಡಿ. ಆಗಲೂ 250ರ ಮೇಲಿದ್ದರೆ ಏರಿದ ಸಕ್ಕರೆ ಇಳಿಸಲು ವೈದ್ಯರು ಲೆಕ್ಕ ಹಾಕಿಕೊಟ್ಟ ಇನ್ಸುಲಿನ್ ಡೋಸಿನ ಅರ್ಧದಷ್ಟು ಮಾತ್ರ ಕೊಡುವುದು ಸಾಮಾನ್ಯ ಪದ್ಧತಿ. ನಿಮ್ಮ ಮಗಳಿಗೆ ಅದು ಸರಿಯೇ ಎಂದು ಅವರನ್ನು ಒಮ್ಮೆ ಕೇಳಿಕೊಳ್ಳಿ. ಶೀಘ್ರ ಇನ್ಸುಲಿನ್ ದೇಹದಲ್ಲಿ ಮೂರರಿಂದ ಐದು ಗಂಟೆ ಇರುತ್ತದೆ. ಅದು ಮುಗಿಯುವ ಮೊದಲೇ ಇನ್ನೊಂದು ಡೋಸ್ ಹಾಕಿದರೆ ಎರಡೂ ಕೂಡಿಕೊಂಡು ಸಕ್ಕರೆಯನ್ನು ಕೆಳಗೆ ಎಳೆಯುತ್ತವೆ. ಅವಳು 60ಕ್ಕೆ ಬರುತ್ತಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. 70ಕ್ಕಿಂತ ಕೆಳಗಿಳಿದರೆ 15 ಗ್ರಾಂ ಗ್ಲುಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಓಡಿದ ದಿನದ ರಾತ್ರಿ ಸ್ನಾಯುಗಳು ದಾಸ್ತಾನು ತುಂಬಿಕೊಳ್ಳುವುದರಿಂದ ನಿದ್ದೆಯಲ್ಲೂ ಸಕ್ಕರೆ ಇಳಿಯಬಹುದು, ಮಲಗುವ ಮುನ್ನ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ.

ಪರೀಕ್ಷೆಯ ದಿನದ ಏರಿಕೆ ಮಾತ್ರ ಇಷ್ಟು ಕರಾರುವಾಕ್ಕಲ್ಲ. ಕೆಲವು ಮಕ್ಕಳಲ್ಲಿ ಏರುತ್ತದೆ, ಕೆಲವರಲ್ಲಿ ಭಯಕ್ಕೆ ಊಟ ಸೇರದೆ ಇಳಿಯುತ್ತದೆ. ಹಿಂದಿನ ಎರಡು ಮೂರು ಪರೀಕ್ಷೆಗಳ ಅಂಕಿ ನೋಡದೆ ಮುಂಚಿತವಾಗಿ ಡೋಸ್ ಏರಿಸಬೇಡಿ. ಆತಂಕವೇ ಕಾರಣ ಎಂದು ಮೊದಲೇ ತೀರ್ಮಾನಿಸುವುದೂ ತಪ್ಪು. ವಾಂತಿ, ಹೊಟ್ಟೆನೋವು, ಜ್ವರ ಇದ್ದರೆ ಅಥವಾ 250ರ ಮೇಲೆ ಎರಡು ಸಲ ಬಂದರೆ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಉರಿದು ಹುಟ್ಟುವ ಆಮ್ಲ) ಪರೀಕ್ಷಿಸಿ. ರಕ್ತದ ಕೀಟೋನ್ ಲೀಟರಿಗೆ 0.6 ಮಿಲಿಮೋಲ್‌ಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. 1.5 ದಾಟಿದರೆ ತಡಮಾಡದೆ ವೈದ್ಯರಿಗೆ ಫೋನ್ ಮಾಡಿ, 3.0 ಮುಟ್ಟಿದರೆ ನೇರವಾಗಿ ತುರ್ತು ಚಿಕಿತ್ಸೆಗೆ. ಊಟ ಮಾಡದಿದ್ದರೂ ದೀರ್ಘಾವಧಿಯ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಅನಾರೋಗ್ಯದ ಹೊತ್ತಿನಲ್ಲಿ ಟೆನ್ಷನ್ ಹಾರ್ಮೋನುಗಳು ಕೀಟೋನ್ ತಯಾರಿಕೆಯನ್ನೂ ಹೆಚ್ಚಿಸುತ್ತವೆ, ಇನ್ಸುಲಿನ್ ಒಂದೇ ಅದನ್ನು ತಡೆಯುವುದು.

ಪ್ರಶ್ನೆ: ರಾತ್ರಿ ಮಲಗುವಾಗ 130, ಬೆಳಿಗ್ಗೆ ಎದ್ದಾಗ 170. ನಿದ್ದೆಯಲ್ಲಿ ಯಾವ ಟೆನ್ಷನ್?

ಉತ್ತರ: ಬೆಳಗಿನ ಜಾವ ಕಾರ್ಟಿಸಾಲ್ ಏರುವುದು ದಿನಚರಿಯ ಭಾಗ, ಏಳುವ ಹೊತ್ತಿಗೆ ಅದು ತುದಿಯಲ್ಲಿರುತ್ತದೆ. ರಾತ್ರಿಯ ಬೆಳವಣಿಗೆ ಹಾರ್ಮೋನು ಕೂಡ ಜೊತೆಗಿರುತ್ತದೆ. ಅದಕ್ಕೆ ತಕ್ಕಷ್ಟು ಇನ್ಸುಲಿನ್ ಬಾರದಿದ್ದರೆ ಅಂಕಿ ಏರುತ್ತದೆ. ಎರಡು ಮೂರು ರಾತ್ರಿ 3 ಗಂಟೆಗೆ ಎದ್ದು ಪರೀಕ್ಷಿಸಿ. ಆಗ 120–140 ಇದ್ದು ಬೆಳಿಗ್ಗೆ ಏರಿದ್ದರೆ ಇದೇ ಕಾರಣ. 3 ಗಂಟೆಗೆ 70ಕ್ಕಿಂತ ಕಡಿಮೆ ಕಂಡರೆ ರಾತ್ರಿಯ ಔಷಧ ಹೆಚ್ಚಾಗಿದೆ ಎಂದರ್ಥ, ಅದನ್ನು ಇನ್ನಷ್ಟು ಏರಿಸುವುದು ಅಪಾಯ. ನಿದ್ದೆ ಕಡಿಮೆಯಾದರೂ ಸಕ್ಕರೆ ಕೆಡುತ್ತದೆ. 1999ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗದಲ್ಲಿ ಆರೋಗ್ಯವಂತ ಯುವಕರು ಆರು ರಾತ್ರಿ ಬರೀ ನಾಲ್ಕು ಗಂಟೆ ಮಲಗಿದ್ದಕ್ಕೇ ಗ್ಲುಕೋಸ್ ನಿಭಾಯಿಸುವ ಶಕ್ತಿ ಕುಗ್ಗಿತ್ತು, ಸಂಜೆಯ ಕಾರ್ಟಿಸಾಲ್ ಏರಿತ್ತು.

ಪ್ರಶ್ನೆ: ನ್ಯುಮೋನಿಯಾ ಎಂದು ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಸಕ್ಕರೆ 230 ಇತ್ತು, ಇನ್ಸುಲಿನ್ ಕೊಟ್ಟರು. ಮೊದಲೆಂದೂ ಸಕ್ಕರೆ ಕಾಯಿಲೆ ಇರಲಿಲ್ಲ. ಒಮ್ಮೆ ಇನ್ಸುಲಿನ್ ಶುರುವಾದರೆ ಜೀವನಪೂರ್ತಿ ಬೇಕೇ?

ಉತ್ತರ: ಖಂಡಿತ ಹಾಗಿಲ್ಲ. ತೀವ್ರ ಸೋಂಕಿನಲ್ಲಿ ಅಡ್ರಿನಲಿನ್, ಕಾರ್ಟಿಸಾಲ್, ಗ್ಲುಕಗಾನ್ ಮೂರೂ ಒಟ್ಟಿಗೆ ಏರುತ್ತವೆ, ಉರಿಯೂತದ ರಾಸಾಯನಿಕಗಳು ಇನ್ಸುಲಿನ್ನಿಗೆ ಅಡ್ಡ ಬರುತ್ತವೆ. ಇನ್ಸುಲಿನ್ ಕೊಟ್ಟದ್ದು ಆ ಹೊತ್ತಿನ ಅಗತ್ಯಕ್ಕೆ. ಆಸ್ಪತ್ರೆಯಲ್ಲಿ ಸಾಮಾನ್ಯ ಗುರಿ 140ರಿಂದ 180. ಅದಕ್ಕಿಂತ ಬಿಗಿಯಾಗಿ, 81–108ರಲ್ಲಿ ಇಡಲು ಹೊರಟ ಗುಂಪಿನಲ್ಲಿ ಸಾವು ಹೆಚ್ಚಾಯಿತು ಎಂದು 2009ರಲ್ಲಿ ಪ್ರಕಟವಾದ ‘ನೈಸ್-ಶುಗರ್’ ಅಧ್ಯಯನ ತೋರಿಸಿತು. ಆದ್ದರಿಂದ ‘ಇನ್ನೂ 160 ಇದೆಯಲ್ಲ’ ಎಂದು ಗಾಬರಿಯಾಗಬೇಡಿ.

ಮೊದಲೇ ಕಾಯಿಲೆ ಇತ್ತೇ ಎಂದು ತಿಳಿಯಲು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಶೇ 6.5 ಅಥವಾ ಹೆಚ್ಚಿದ್ದರೆ ಸೋಂಕಿಗೆ ಮುಂಚೆಯೇ ಇತ್ತು ಎಂದು ಬಹುಮಟ್ಟಿಗೆ ಹೇಳಬಹುದು. ಅವರಿಗೆ ರಕ್ತ ಏರಿಸಿದ್ದರೆ, ತೀವ್ರ ರಕ್ತಹೀನತೆ ಇದ್ದರೆ ಆ ಅಂಕಿಯನ್ನು ನಂಬುವಂತಿಲ್ಲ. ಕಡಿಮೆ ಬಂದರೂ ಚೇತರಿಸಿಕೊಂಡ ಮೇಲೆ, ಸುಮಾರು ಮೂರು ತಿಂಗಳೊಳಗೆ, ಖಾಲಿ ಹೊಟ್ಟೆಯ ಸಕ್ಕರೆ ನೋಡಿಸಿ. ನಂತರ ವರ್ಷಕ್ಕೊಮ್ಮೆ ನೋಡಿಸುತ್ತಿರಬೇಕು, ಏಕೆಂದರೆ ಹೀಗೆ ಒಮ್ಮೆ ಏರಿದವರಿಗೆ ಮುಂದೆ ಕಾಯಿಲೆ ಬರುವ ಸಂಭವ ಹೆಚ್ಚು.

ಪ್ರಶ್ನೆ: ಎದೆ ಡವಗುಟ್ಟುವುದಕ್ಕೆ ಪ್ರೊಪ್ರನೊಲಾಲ್ ಕೊಟ್ಟಿದ್ದಾರೆ, ಇನ್ಸುಲಿನ್ನೂ ತೆಗೆದುಕೊಳ್ಳುತ್ತೇನೆ. ಎರಡೂ ಸೇರಬಹುದೇ?

ಉತ್ತರ: ಸಕ್ಕರೆ ಇಳಿದಾಗ ಕೈ ನಡುಗಿಸಿ, ಎದೆ ಬಡಿದು ಎಚ್ಚರಿಸುವುದು ಅಡ್ರಿನಲಿನ್. ಪ್ರೊಪ್ರನೊಲಾಲ್ ಬೀಟಾ ಬ್ಲಾಕರ್, ಅಂದರೆ ಅಡ್ರಿನಲಿನ್ನಿನ ಬೀಟಾ ಗ್ರಾಹಕಗಳನ್ನು ಮುಚ್ಚುವ ಔಷಧ. ಅದು ಆ ಎರಡೂ ಸೂಚನೆಗಳನ್ನು ಮರೆಮಾಡುತ್ತದೆ, ಇಳಿದ ಸಕ್ಕರೆ ಮೇಲೇಳುವುದನ್ನೂ ನಿಧಾನಿಸುತ್ತದೆ. ಬೆವರು ಮಾತ್ರ ಮರೆಯಾಗುವುದಿಲ್ಲ. ಕಾರಣವಿಲ್ಲದೆ ಬೆವರಿದರೆ ಮೊದಲು ಮೀಟರ್ ಹಿಡಿಯಿರಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬೇರೆ ಬಗೆಯ ಬೀಟಾ ಬ್ಲಾಕರ್ ಆಗಬಹುದೇ ಎಂದು ಕೇಳಿ.

ಪ್ರಶ್ನೆ: ಆಫೀಸಿನ ಒತ್ತಡ ವಿಪರೀತ. ಸಕ್ಕರೆ ಗಡಿಯಲ್ಲಿದೆ ಎನ್ನುತ್ತಾರೆ. ಕಾರ್ಟಿಸಾಲ್ ಪರೀಕ್ಷೆ ಮಾಡಿಸಲೇ?

ಉತ್ತರ: ಒತ್ತಡ ಅಳೆಯಲೆಂದು ಮಾಡಿಸುವ ಒಂದು ಸಲದ ಕಾರ್ಟಿಸಾಲ್ ರಕ್ತಪರೀಕ್ಷೆ ನಿಮಗೆ ಏನನ್ನೂ ಹೇಳುವುದಿಲ್ಲ. ದಿನದ ಹೊತ್ತು, ನಿದ್ದೆ, ಸೂಜಿಯ ಭಯ ಎಲ್ಲದರಿಂದಲೂ ಅದು ಬದಲಾಗುತ್ತದೆ. ಕೆಲಸದ ಒತ್ತಡ ವರ್ಷಗಟ್ಟಲೆ ಇದ್ದಾಗ ಹಾನಿಯ ಬಹುಪಾಲು ನಿದ್ದೆಗೇಡು, ಓಡಾಟವಿಲ್ಲದ ದಿನ, ಹೊತ್ತಲ್ಲದ ಹೊತ್ತಿನ ಊಟ, ಹೊಟ್ಟೆಯ ಬೊಜ್ಜಿನ ಮೂಲಕ ಬರುತ್ತದೆ. ಹಣ ಖರ್ಚು ಮಾಡುವುದಿದ್ದರೆ ಎಚ್‌ಬಿಎ1ಸಿ ಮತ್ತು ಊಟದ ಎರಡು ಗಂಟೆಯ ನಂತರದ ಸಕ್ಕರೆಗೆ ಮಾಡಿ.

ದೇಹದಲ್ಲಿ ಕಾರ್ಟಿಸಾಲ್ ಮಿತಿಮೀರುವ ಕುಶಿಂಗ್ ಸಿಂಡ್ರೋಮ್‌ನ ಅನುಮಾನ ಇದ್ದರೆ ಮಾತು ಬೇರೆ: ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ಸಣ್ಣ ಪೆಟ್ಟಿಗೂ ಕಂದುವ ಚರ್ಮ, ಕುರ್ಚಿಯಿಂದ ಕೈ ಊರದೆ ಏಳಲಾಗದಷ್ಟು ತೊಡೆಯ ಬಲಹೀನತೆ, ಹತೋಟಿಗೆ ಬಾರದ ರಕ್ತದೊತ್ತಡ. ಆಗ ವೈದ್ಯರು ರಾತ್ರಿ 11 ಗಂಟೆಗೆ 1 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ನುಂಗಿಸಿ, ಮರುದಿನ ಬೆಳಿಗ್ಗೆ 8ಕ್ಕೆ ಕಾರ್ಟಿಸಾಲ್ ಅಳೆಸುತ್ತಾರೆ. ಡೆಸಿಲೀಟರಿಗೆ 1.8 ಮೈಕ್ರೋಗ್ರಾಂಗಿಂತ ಕೆಳಗೆ ಇಳಿದರೆ ಸಹಜ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಈ ಅಂಕಿ ಸುಳ್ಳಾಗಿ ಹೆಚ್ಚು ಕಾಣುತ್ತದೆ, ಪರೀಕ್ಷೆಗೆ ಮೊದಲೇ ಅದನ್ನು ತಿಳಿಸಿ. ಕೀಲಿಗೆ ಹಾಕಿಸಿಕೊಂಡ ಸ್ಟೀರಾಯ್ಡ್ ಚುಚ್ಚುಮದ್ದು, ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮು, ಉಬ್ಬಸದ ಇನ್ಹೇಲರ್ ಇದ್ದರೆ ಅವನ್ನೂ ಹೇಳಬೇಕು.